ಗಿಟಾರಿನ ಮೊದಲ ಸ್ವರಶ್ರೇಣಿ ಮತ್ತು ಬೆರಳುಗಳ ಆರೋಗ್ಯ

ಗಿಟಾರ್ ಕಲಿಯತೊಡಗಿದವರಲ್ಲಿ ಅನೇಕರು ಮೊದಲ ತಿಂಗಳಿನಲ್ಲಿಯೇ ವಾದ್ಯವನ್ನು ಬೀರುವಿನ ಮೇಲಕ್ಕೇರಿಸಿಬಿಡುತ್ತಾರೆ. ಸ್ವರಜ್ಞಾನ ಸಾಲದೆಂದಲ್ಲ, ಕೈ ನೋಯುತ್ತದೆ. ಈ ನೋವಿನಲ್ಲಿ ಸಹಿಸತಕ್ಕದ್ದು ಒಂದು, ಸಹಿಸಬಾರದ್ದು ಇನ್ನೊಂದು.

ಸಾಮಾನ್ಯವಾಗಿ ಮೊದಲು ಕಲಿಸುವುದು ‘ಸಿ ಮೇಜರ್’ ಶ್ರೇಣಿಯನ್ನು. ಇದರ ಸ್ವರಗಳು 29ನೆಯ ಮೇಳವಾದ ಧೀರಶಂಕರಾಭರಣದವೇ; ಹಿಂದೂಸ್ತಾನಿ ಪದ್ಧತಿಯಲ್ಲಿ ಬಿಲಾವಲ್ ಥಾಟ್. ಆದರೆ ಬಾಲ್ಯದಲ್ಲಿ ಹಾಡಿದ ಸರಳೆವರಸೆ ಮಾಯಾಮಾಳವಗೌಳದ್ದು. ಅದರ ರಿಷಭ, ಧೈವತಗಳು ಇಲ್ಲಿನವಕ್ಕಿಂತ ಅರ್ಧಸ್ವರ ಕೆಳಗಿರುತ್ತವೆ. ಕಿವಿಗೆ ವ್ಯತ್ಯಾಸ ತೋರಿದೊಡನೆ ಬಿರಡೆ ತಿರುಗಿಸಹೊರಡುವುದು ಬೇಡ!

ವೀಣೆಯ ಮೆಟ್ಟಿಲುಗಳಂತೆ ಗಿಟಾರಿಗೆ ಲೋಹದ ಫ್ರೆಟ್ಟುಗಳಿವೆ. ಅತಿ ತೆಳುವಾದ ತಂತಿಯನ್ನು ಒಂದನೆಯದೆಂದು ಎಣಿಸಿ, ಐದನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಎಡಗೈಯ ಉಂಗುರಬೆರಳಿಟ್ಟರೆ ಷಡ್ಜ. ನಾಲ್ಕನೆಯ ತಂತಿಯನ್ನು ಒತ್ತದೆ ಮೀಟಿದರೆ ರಿಷಭ. ಅದರ ಎರಡನೆಯ ಫ್ರೆಟ್ಟಿನಲ್ಲಿ ನಡುಬೆರಳಿಗೆ ಗಾಂಧಾರ, ಮೂರನೆಯದರಲ್ಲಿ ಉಂಗುರಬೆರಳಿಗೆ ಮಧ್ಯಮ. ಮೂರನೆಯ ತಂತಿ ಒತ್ತದಿದ್ದರೆ ಪಂಚಮ, ಎರಡನೆಯ ಫ್ರೆಟ್ಟಿನಲ್ಲಿ ನಡುಬೆರಳಿಗೆ ಧೈವತ. ಎರಡನೆಯ ತಂತಿ ಒತ್ತದಿದ್ದರೆ ನಿಷಾದ, ಮೊದಲ ಫ್ರೆಟ್ಟಿನಲ್ಲಿ ತೋರುಬೆರಳಿಗೆ ತಾರಷಡ್ಜ. ಎಂಟರಲ್ಲಿ ಮೂರು ಸ್ವರಗಳಿಗೆ ಎಡಗೈಗೆ ಕೆಲಸವೇ ಇಲ್ಲ.

ಬೆರಳನ್ನು ಫ್ರೆಟ್ಟಿನ ಮೇಲಿಡದೆ, ಅದರ ಹಿಂಬದಿಗೆ ಸಮೀಪದಲ್ಲಿಡಬೇಕು. ಒತ್ತಡವನ್ನು ಮೆಲ್ಲನೆ ಸಡಿಲಿಸುತ್ತ ಬಂದರೆ ನಾದ ಒಡೆದು ಗರಗರ ಎನ್ನುವ ಘಟ್ಟವೊಂದು ಬರುತ್ತದೆ. ಅದಕ್ಕಿಂತ ತುಸು ಹೆಚ್ಚು ಒತ್ತಿದರೆ ಸಾಕು. ಹೊಸಬರು ಇದರ ಎಷ್ಟೋ ಪಾಲು ಒತ್ತಿ, ಹೆಬ್ಬೆರಳಿನಿಂದ ವಾದ್ಯದ ಕುತ್ತಿಗೆಯನ್ನೇ ಹಿಸುಕುತ್ತಾರೆ. ಮಣಿಕಟ್ಟಿನ ಕಷ್ಟಕ್ಕೆ ಬಹುಪಾಲು ಕಾರಣ ಇದೇ.

ಬೆರಳ ತುದಿಯ ಉರಿ ಸಹಜವಾದುದು. ಕೆಲವು ವಾರಗಳಲ್ಲಿ ಚರ್ಮ ಗಡುಸಾಗಿ ಅದು ತಾನೇ ಅಡಗುತ್ತದೆ. ಎಡಗೈ ಉಗುರುಗಳನ್ನು ಗಿಡ್ಡವಾಗಿ ಕತ್ತರಿಸಿರಬೇಕು. ಸ್ನಾನದಿಂದ ಚರ್ಮ ಮೆದುವಾಗಿರುವಾಗ ನುಡಿಸಬಾರದು. ಮಣಿಕಟ್ಟಿನಲ್ಲಿ ನೋವು, ಬೆರಳುಗಳಲ್ಲಿ ಜೋಮು ಕಂಡರೆ ಮಾತ್ರ ಆ ಕ್ಷಣವೇ ನಿಲ್ಲಿಸತಕ್ಕದ್ದು. ವಿಶ್ರಾಂತಿಯಿಂದಲೂ ಶಮನವಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಮಧುಮೇಹದಿಂದ ಸ್ಪರ್ಶಜ್ಞಾನ ಕುಗ್ಗಿದವರು ಅಭ್ಯಾಸದ ಬಳಿಕ ಬೆರಳ ತುದಿಗಳನ್ನು ಬೆಳಕಿನಲ್ಲಿ ಪರೀಕ್ಷಿಸಿಕೊಳ್ಳಬೇಕು. ಗಾಯವಾದದ್ದೇ ಅವರಿಗೆ ತಿಳಿಯದಿರಬಹುದು.

ಸ್ಪೇನಿನ ಮಹಾವಾದಕ ಆಂದ್ರೆಸ್ ಸೆಗೋವಿಯಾ 1953ರಲ್ಲಿ ಪ್ರಕಟಿಸಿದ ಸ್ವರಶ್ರೇಣಿಗಳ ಪುಸ್ತಕದಲ್ಲಿ ದಿನಕ್ಕೆ ಎರಡು ಗಂಟೆಗಳ ಅಭ್ಯಾಸವನ್ನು ಸೂಚಿಸಿದ್ದಾನೆ. ಅದು ನುರಿತ ಕೈಗೆ ಸಲ್ಲುವ ಮಾತು. ದಿನವೆಲ್ಲ ಕಚೇರಿಯಲ್ಲಿ ಟೈಪು ಮಾಡಿ, ಲೋಕಲ್ ರೈಲಿನ ಹಿಡಿಕೆಗೆ ಜೋತು ಬಂದ ಕೈಗೆ ಹತ್ತು ನಿಮಿಷವೇ ಸಾಕು. ಅದನ್ನೂ ಬೆಳಗಿನ ಹೊತ್ತಿಗೆ ಇಟ್ಟುಕೊಂಡರೆ ಲೇಸು. ಸೆಕೆಂಡಿಗೊಂದು ಸ್ವರದಂತೆ ಆರೋಹಣ, ಅವರೋಹಣ. ನಡುವಯಸ್ಸಿನಲ್ಲಿ ಆರಂಭಿಸುವವರಿಗೆ ಉಕ್ಕಿನ ತಂತಿಗಿಂತ ನೈಲಾನ್ ತಂತಿಯ ಗಿಟಾರ್ ಬೆರಳಿಗೆ ಹಿತ.