ರಕ್ತದಾನಿಯ ನಿಜನುಡಿಯೇ ಮೊದಲ ಪರೀಕ್ಷೆ

ಕೊನೆಗಾರ ಅಡಿಕೆ ಮರದಿಂದ ಬಿದ್ದನೆಂದರೆ ನಾವೆಲ್ಲ ರಕ್ತಕ್ಕಾಗಿ ಓಡುತ್ತೇವೆ. ಅತ್ತ ಗೋಕಾಕ ಸೀಮೆಯ ಮೇಲವಂಕಿಯಲ್ಲಿ ಕಬ್ಬಿನ ಗಾಡಿ ಮಗುಚಿದರೂ ರೈತಬಂಧುಗಳ ಪಾಡು ಇದೇ. ಹಿಂದೆ ಇಂಥ ಗಡಿಬಿಡಿಯಲ್ಲಿ ದುಡ್ಡು ಕೊಟ್ಟು ಯಾರನ್ನಾದರೂ ಕರೆತರುವುದಿತ್ತು. ದುಡ್ಡಿಗಾಗಿ ಬಂದವನು ತನ್ನ ಕಾಯಿಲೆಯನ್ನು ಹೇಳುವನೇ? ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಹಣ ಪಡೆದು ರಕ್ತ ಕೊಡುವುದು ನಿಷಿದ್ಧವಾಗಿದೆ.

ಈಗ ಪ್ರತಿ ಚೀಲ ರಕ್ತವನ್ನೂ ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪರೀಕ್ಷಿಸುವುದು ಕಡ್ಡಾಯ. ಆದರೂ ಸೋಂಕು ತಗಲಿದ ಮೊದಲ ದಿನಗಳಲ್ಲಿ, ಕೆಲವೊಮ್ಮೆ ವಾರಗಳವರೆಗೂ, ಅದು ಪರೀಕ್ಷೆಗೆ ಸಿಕ್ಕುವುದಿಲ್ಲ. ಕೊಳೆರೋಗವೂ ಹಾಗೆಯೇ ಅಲ್ಲವೇ, ನಮ್ಮ ಕಣ್ಣಿಗೆ ಬೀಳುವ ಮೊದಲೇ ಗೊನೆಗೆ ಹತ್ತಿರುತ್ತದೆ. ಆದ್ದರಿಂದ ಶಿಬಿರದಲ್ಲಿ ಕೇಳುವ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರಿಸಬೇಕು. ಕಾಮಾಲೆ ಆಗಿದ್ದರೆ, ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡಿದ್ದರೆ ಹೇಳಿಬಿಡಿ. ನೆಂಟರಿಷ್ಟರ ಮುಂದೆ ಹೇಳಲಾಗದ್ದನ್ನು ವೈದ್ಯರೊಬ್ಬರಿಗೇ ತಿಳಿಸಿ ಹಿಂದೆ ಸರಿಯಬಹುದು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಕೆಂಪುಕಣಗಳನ್ನು 2ರಿಂದ 6 ಡಿಗ್ರಿ ತಂಪಿನಲ್ಲಿಡುತ್ತಾರೆ. ಪ್ಲೇಟ್‌ಲೆಟ್‌ಗಳನ್ನು ಮಾತ್ರ 20ರಿಂದ 24 ಡಿಗ್ರಿಯಲ್ಲಿ ಇಡಬೇಕಾಗುತ್ತದೆ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತದೆ. ಸೂಜಿ ಚುಚ್ಚುವ ಮುನ್ನ ತೋಳನ್ನು ಔಷಧದಿಂದ ಒರೆಸುವುದು ಇದಕ್ಕಾಗಿಯೇ. ಒರೆಸಿದ ಜಾಗವನ್ನು ಮತ್ತೆ ಬೆರಳಿನಿಂದ ಮುಟ್ಟಬೇಡಿ.