ಒಂದು ಹಗಲಿನ ಸಂಚಾರ: ಕೆಲವು ತಪ್ಪು ಕಲ್ಪನೆಗಳು

ಬೆಂಗಳೂರಿನಲ್ಲಿ ವಾಸಿಸುವ ಕುಟುಂಬವೊಂದು ರಜೆಯ ದಿನ ಕಾರಿನಲ್ಲಿ ಹೊರಟು, ಹೊಲಗಳನ್ನೂ ಬಂಡೆಗಳನ್ನೂ ಕೆರೆಗಳನ್ನೂ ಕಣ್ತುಂಬ ನೋಡಿ, ಕತ್ತಲಾಗುವ ಮುನ್ನ ಮನೆ ಸೇರಬೇಕೆಂದು ಬಯಸುವುದು ಅತ್ಯಂತ ಸಹಜವಾದ ಅಭಿಲಾಷೆ. ಆದರೆ ಈ ಅಭಿಲಾಷೆಯನ್ನು ಕಾರ್ಯರೂಪಕ್ಕೆ ತರುವಾಗ ನಾವು ಆಶ್ರಯಿಸುವ ನಂಬಿಕೆಗಳು, ನಸುಕಿನಲ್ಲೇ ಹೊರಡಬೇಕೆಂಬುದು, ದೂರ ಹೋಗಬೇಕೆಂಬುದು, ವಾರದ ನಡುವೆ ಹೋದರೆ ಎಲ್ಲಿಯೂ ಯಾರೂ ಇರುವುದಿಲ್ಲವೆಂಬುದು, ಒಬ್ಬರಿಂದೊಬ್ಬರಿಗೆ ದಾಟಿಬಂದವೇ ಹೊರತು ಪರೀಕ್ಷೆಗೆ ಒಳಪಟ್ಟವಲ್ಲ. ಹೀಗಾಗಿ ಏಕಾಂತವನ್ನು ಅರಸಿ ಹೊರಟವರೆಲ್ಲ ಒಂದೇ ಹೊತ್ತಿಗೆ ಒಂದೇ ಬೆಟ್ಟದ ಬುಡದಲ್ಲಿ ಸಂಧಿಸುತ್ತಾರೆ. ಜನಸಂದಣಿಯೆಂಬುದು ಬಹುಮಟ್ಟಿಗೆ ಹೊತ್ತಿನಿಂದಲೂ ತಿಥಿಯಿಂದಲೂ ಹುಟ್ಟುವ ಸಂಗತಿ. ಅದನ್ನು ಅರಿತವನಿಗೆ ಪ್ರಸಿದ್ಧ ಸ್ಥಳದಲ್ಲಿಯೂ ಪ್ರಶಾಂತಿ ದೊರೆಯುವುದುಂಟು.

ಮೊದಲು ನಂದಿಬೆಟ್ಟದ ಮಾತು. ನಗರದಿಂದ ಸುಮಾರು 60 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ 1,478 ಮೀಟರು ಎತ್ತರಕ್ಕೆ ಎದ್ದು ನಿಂತಿರುವ ಈ ಗಿರಿಯ ಮೇಲೆ ಸೂರ್ಯೋದಯವನ್ನು ಕಾಣಬೇಕು, ಕೆಳಗೆ ಮೋಡಗಳು ಹರಡಿರುವುದನ್ನು ನೋಡಬೇಕು ಎಂಬ ಆಸೆಯಿಂದ ಇರುಳು ಕಳೆಯುವ ಮೊದಲೇ ಎದ್ದು ಹೊರಡುವವರು, ಬೇಗ ಹೊರಟವನಿಗೆ ಎಲ್ಲವೂ ಬಿಡುವಾಗಿರುತ್ತದೆಂದು ದೃಢವಾಗಿ ನಂಬಿರುತ್ತಾರೆ. ದಾರಿಯೇನೋ ಬಿಡುವಾಗಿರುತ್ತದೆ, ಆದರೆ ರಾತ್ರಿ ಮುಚ್ಚಿದ ಬೆಟ್ಟದ ಬಾಗಿಲು ತೆರೆಯುವ ತನಕ ವಾಹನಗಳೆಲ್ಲ ಅಲ್ಲಿಯೇ ಸಾಲುಗಟ್ಟಿ ನಿಲ್ಲಬೇಕಾಗಿ, ಶನಿವಾರ ಭಾನುವಾರಗಳಲ್ಲಿ ಅತ್ಯಂತ ದಟ್ಟವಾದ ಸಂದಣಿ ಕಾಣಬರುವುದು ಆ ಬೆಳಗಿನ ಜಾವದಲ್ಲಿಯೇ. ಸೂರ್ಯೋದಯದ ವೇಳೆಯನ್ನಾದರೂ ಅನೇಕರು ವಿಚಾರಿಸಿ ಹೊರಡುವುದಿಲ್ಲ. ಈ ಪ್ರಾಂತದಲ್ಲಿ ಮೇ ತಿಂಗಳ ಕೊನೆಗೆ 5.50ರ ಹೊತ್ತಿಗೆ ಮೂಡುವ ಸೂರ್ಯ ಜನವರಿಯ ಕೊನೆಗೆ 6.45ರ ಸುಮಾರಿಗೆ ಮೂಡುತ್ತಾನೆ. ಹೆಚ್ಚು ಕಡಿಮೆ ಒಂದು ಗಂಟೆಯ ಈ ಅಂತರವನ್ನು ಗಣಿಸದೆ ಹೊರಟವರು ಚಳಿಯಲ್ಲಿ ವೃಥಾ ಕಾಯುತ್ತಾರೆ.

ಮೋಡದ ಕಡಲು ಎಂದಾದರೂ ಹೋದರೆ ಕಂಡೇ ಕಾಣುವುದೆಂಬ ನಂಬಿಕೆಯೂ ನಿಜವಲ್ಲ. ನೆಲದಲ್ಲಿ ಹಿಂದಿನ ಮಳೆಯ ತೇವ ಉಳಿದಿರಬೇಕು, ಆಕಾಶ ನಿರ್ಮಲವಾಗಿ ಭೂಮಿಯ ಬಿಸಿ ರಾತ್ರಿಯಲ್ಲಿ ಆರಿಹೋಗಬೇಕು, ಗಾಳಿ ಅಡಗಿರಬೇಕು. ಇವೆಲ್ಲ ಕೂಡಿಬಂದ ಮುಂಜಾನೆ ತಗ್ಗಿನ ಪ್ರದೇಶದಲ್ಲಿ ಮಂಜು ಕಟ್ಟಿ ಶಿಖರದ ಮೇಲಿರುವವರಿಗೆ ಆ ದೃಶ್ಯ ಲಭಿಸುತ್ತದೆ. ಮೋಡವೇ ಶಿಖರವನ್ನು ಆವರಿಸಿಕೊಂಡ ದಿನ ಸೂರ್ಯನೂ ಕಾಣನು, ಎದುರಿಗೆ ನಿಂತ ಮನುಷ್ಯನೂ ಸ್ಪಷ್ಟವಾಗಿ ಕಾಣನು.

ಹಾಗೆಂದ ಮಾತ್ರಕ್ಕೆ ನಂದಿಯನ್ನು ಬಿಡಬೇಕಾದ್ದಿಲ್ಲ. ಬೆಟ್ಟದ ಮೇಲೆ ಯೋಗನಂದೀಶ್ವರನಿರುವಂತೆ ಅದರ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನಿದ್ದಾನೆ. ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುವ ಮೂಲವುಳ್ಳ, ಅನಂತರ ಅನೇಕ ರಾಜವಂಶಗಳ ಕಾಲದಲ್ಲಿ ಬೆಳೆಯುತ್ತ ಬಂದ ಆ ದೇವಾಲಯದ ವಿಶಾಲವಾದ ಪ್ರಾಕಾರ, ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳ ನಡುವಣ ಸೂಕ್ಷ್ಮ ಕೆತ್ತನೆಯ ಉಮಾಮಹೇಶ್ವರ ಮಂಟಪ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ, ಇವುಗಳ ಸನ್ನಿಧಿಯಲ್ಲಿ ಸಾಧಾರಣ ದಿನದ ಮುಂಜಾನೆಯನ್ನು ಕಳೆದವನು ಬೆಟ್ಟವನ್ನು ಏರದೆ ಹಿಂತಿರುಗಿದರೂ ನಷ್ಟ ಹೊಂದಿದವನಲ್ಲ. ಮೇಲಣ ಸಾಲಿನಲ್ಲಿ ಕಾಯುವವರಲ್ಲಿ ಅನೇಕರು ಇದರ ಪಕ್ಕದಲ್ಲಿಯೇ ಹಾದುಹೋಗುತ್ತಾರೆಂಬುದು ನನಗೆ ನಿಜವಾಗಿ ವ್ಯಥೆಯನ್ನುಂಟುಮಾಡುವ ಸಂಗತಿ.

ಹೊರಡುವ ವೇಳೆಗೆ ಕೊಡುವ ಲಕ್ಷ್ಯವನ್ನು ಮರಳುವ ವೇಳೆಗೂ ಕೊಡುವುದು ಅವಶ್ಯಕ. ಭಾನುವಾರ ಸಂಜೆ ಹೆಬ್ಬಾಳ, ಗೊರಗುಂಟೆಪಾಳ್ಯ, ನಾಯಂಡಹಳ್ಳಿ, ಕೃಷ್ಣರಾಜಪುರ, ಹೀಗೆ ನಗರದ ಹೆಬ್ಬಾಗಿಲುಗಳಂತಿರುವ ಎಡೆಗಳಲ್ಲೆಲ್ಲ ವಾಹನಗಳು ಒತ್ತರಿಸಿ ನಿಲ್ಲುತ್ತವೆ. ಮಧ್ಯಾಹ್ನ ಮೂರರೊಳಗೆ ನಗರವನ್ನು ಸೇರುವುದು, ಇಲ್ಲವೆ ಊರೊಂದರಲ್ಲಿ ನಿಧಾನವಾಗಿ ಊಟ ಮುಗಿಸಿ ರಾತ್ರಿ ಒಂಬತ್ತರ ಮೇಲೆ ಪ್ರವೇಶಿಸುವುದು, ಇವೆರಡರಲ್ಲೊಂದು ಕ್ಷೇಮ.

ದೂರ ಹೋದಷ್ಟೂ ಜನ ವಿರಳವಾಗುವರೆಂಬುದು ಎರಡನೆಯ ನಂಬಿಕೆ. ರಸ್ತೆಗಳು ಕೆಟ್ಟಿದ್ದ ಕಾಲದಲ್ಲಿ ಇದು ಸತ್ಯವಾಗಿದ್ದಿರಬಹುದು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ ಹೆದ್ದಾರಿ, ಸುಮಾರು 118 ಕಿಲೋಮೀಟರುಗಳ ಅಂತರವನ್ನು ಎರಡು ಗಂಟೆಯೊಳಗಿನ ಪಯಣವಾಗಿ ಮಾರ್ಪಡಿಸಿದ ಮೇಲೆ, ಮೊದಲು ಇಡೀ ದಿನವನ್ನು ಬೇಡುತ್ತಿದ್ದ ಸ್ಥಳಗಳು ಅರ್ಧ ದಿನದವಾದವು. ಜನರೂ ಅದೇ ವೇಗದಲ್ಲಿ ಅಲ್ಲಿಗೆ ತಲುಪಿದರು. ಆದರೆ ಇದೇ ಹೆದ್ದಾರಿಯಿಂದ ಒಂದು ಉಪಕಾರವೂ ಆಗಿದೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹೊಸ ಮಾರ್ಗ ಬಳಸಿಕೊಂಡು ಹೋಗುವುದರಿಂದ, ಅವಸರದವರೆಲ್ಲ ಮೇಲಣ ದಾರಿಯಲ್ಲಿ ಹರಿದುಹೋಗಿ, ಆ ಊರುಗಳ ನಡುವೆ ಹಾಯುವ ಹಳೆಯ ರಸ್ತೆ ಅವಸರವಿಲ್ಲದ ಪ್ರಯಾಣಿಕನಿಗೆ ಮತ್ತೆ ಯೋಗ್ಯವಾಗಿದೆ.

ಚನ್ನಪಟ್ಟಣಕ್ಕೂ ಮದ್ದೂರಿಗೂ ನಡುವೆ ಆ ಹಳೆಯ ರಸ್ತೆಯಿಂದ ಹೊರಳಿ ಕೆಲವು ಮೈಲಿ ಸಾಗಿದರೆ ಕೊಕ್ಕರೆಬೆಳ್ಳೂರು ಸಿಗುತ್ತದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಕಾಡಿನಲ್ಲಲ್ಲ, ಊರೊಳಗಿನ ಹುಣಿಸೆ, ಆಲ, ಅರಳಿ ಮರಗಳಲ್ಲಿ, ಮನೆಗಳಿಗೆ ತೀರ ಸಮೀಪದಲ್ಲಿಯೇ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು ಮರಿಗಳನ್ನು ಬೆಳೆಸಿ ಬೇಸಿಗೆ ಮುಗಿಯುವ ಹೊತ್ತಿಗೆ ತೆರಳುವ ಆ ಪಕ್ಷಿಗಳನ್ನು ಗ್ರಾಮಸ್ಥರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ತಲೆಮಾರುಗಳಿಂದ ಕಾಪಾಡಿದ್ದಾರೆ. ಮರದಡಿ ಬೀಳುವ ಹಿಕ್ಕೆ ಅವರ ಹೊಲಗಳಿಗೆ ಗೊಬ್ಬರ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಮೈಸೂರಿನ ದಾರಿಯಲ್ಲಿ ಸಾಗುವವರಲ್ಲಿ ಇತ್ತ ಹೊರಳುವವರು ಅಲ್ಪ. ಗೂಡಿನ ಮರದ ಕೆಳಗೆ ಗದ್ದಲ ಮಾಡದೆ, ಕಾರನ್ನು ಊರ ಹೊರಗೆ ನಿಲ್ಲಿಸಿ ನಡೆದುಹೋಗುವುದು ಉಚಿತ.

ಇನ್ನು ವಾರದ ನಡುವೆ ಎಲ್ಲವೂ ನಿರ್ಜನವೆಂಬ ನಂಬಿಕೆ. ಕಚೇರಿಯ ಗೋಡೆಗೆ ತೂಗುವ ಕ್ಯಾಲೆಂಡರನ್ನು ನೋಡಿ ದಿನ ಗೊತ್ತುಮಾಡುವವರು ನಮ್ಮ ಗ್ರಾಮಾಂತರ ಪ್ರದೇಶ ಇಂದಿಗೂ ಬಹುಪಾಲು ಪಂಚಾಂಗವನ್ನು ಅನುಸರಿಸಿ ನಡೆಯುತ್ತದೆಂಬುದನ್ನು ಮರೆಯುತ್ತಾರೆ. ಕಾರ್ತಿಕ ಸೋಮವಾರ ಶಿವಾಲಯಗಳು ತುಂಬಿರುತ್ತವೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಅಮಾವಾಸ್ಯೆ ಯಾವ ವಾರ ಬಿದ್ದರೂ ಜನಸಾಗರ. ಮೇಲುಕೋಟೆಯಲ್ಲಿ ಫಾಲ್ಗುಣದ ವೈರಮುಡಿ ಉತ್ಸವದಂದು ಕಾಲಿಡಲು ಎಡೆಯಿರದು, ಘಾಟಿ ಸುಬ್ರಹ್ಮಣ್ಯದಲ್ಲಿ ಷಷ್ಠಿಯ ದಿನ, ಶಿವಗಂಗೆಯಲ್ಲಿ ಮಕರ ಸಂಕ್ರಾಂತಿಯಂದು ಹಾಗೆಯೇ. ಈ ಪರಿಷೆಗಳನ್ನು ನೋಡಲೆಂದೇ ಹೋಗುವುದು ಬೇರೆ, ಅದೊಂದು ಧನ್ಯತೆಯ ಅನುಭವ. ಮೌನವನ್ನು ಬಯಸಿ ಹೋದವನು ಮಾತ್ರ ನಿರಾಶನಾಗುತ್ತಾನೆ. ಅದೇ ಮೇಲುಕೋಟೆ ವಿಶೇಷವಿಲ್ಲದ ತಿಥಿಯ ಮಧ್ಯಾಹ್ನ ನಾಲ್ಕರ ನಂತರ, ಕಲ್ಯಾಣಿಯ ಸುತ್ತಣ ಮಂಟಪಗಳ ಮೇಲೆ ಇಳಿಬಿಸಿಲು ಬೀಳುವ ಹೊತ್ತಿಗೆ, ಕವಿ ಪುತಿನ ಅವರ ಹುಟ್ಟೂರೆಂಬ ಹೆಸರಿಗೆ ತಕ್ಕ ಸೌಮ್ಯತೆಯನ್ನು ತೋರುತ್ತದೆ. ದೇವಾಲಯಗಳು ಸಾಮಾನ್ಯವಾಗಿ ನಡುಹಗಲಿನಲ್ಲಿ ಮುಚ್ಚಿ ಸಂಜೆ ತೆರೆಯುವುದರಿಂದ, ದರ್ಶನವನ್ನು ಬಯಸುವವರು ಆ ವಿರಾಮದ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಸರ್ಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ಬಿಡುವಿರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳನ್ನೂ, ಹಬ್ಬ ಕೂಡಿಕೊಂಡ ಸಾಲು ರಜೆಗಳನ್ನೂ ಬಿಟ್ಟುಬಿಡುವುದು ಲೇಸೆಂದು ಬೇರೆ ಹೇಳಬೇಕಾಗಿಲ್ಲ.

ಡಿಸೆಂಬರಿನ ರಜೆಯೇ ಸಂಚಾರಕ್ಕೆ ಪ್ರಶಸ್ತ, ಮಳೆ ಬಂದ ದಿನಗಳು ವ್ಯರ್ಥ ಎಂದು ಬಗೆಯುವುದು ಈ ಸೀಮೆಯ ಭೂಮಿಯನ್ನು ಅರಿಯದವರ ಎಣಿಕೆ. ಬಯಲುಸೀಮೆಯ ದಕ್ಷಿಣ ಭಾಗದಲ್ಲಿ ಸೆಪ್ಟೆಂಬರು ಅಕ್ಟೋಬರುಗಳ ಮಳೆ ಸಮೃದ್ಧವಾದುದು. ದಸರೆ ಕಳೆದ ಮೇಲೆ, ಧೂಳು ತೊಳೆದು ಗಾಳಿ ತಿಳಿಯಾಗಿ ದೂರದ ಬಂಡೆಗಳೂ ಹತ್ತಿರ ಬಂದಂತೆ ತೋರುವಾಗ, ರಾಗಿಯ ಪೈರು ತೆನೆಯೊಡೆದು, ಅದರ ಅಕ್ಕಡಿಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂಬಿಟ್ಟು, ಅವರೆ ಬಳ್ಳಿ ಹಬ್ಬುತ್ತಿರುವಾಗ, ಮಾಗಡಿಯ ಕಡೆಗಾಗಲಿ ದೇವರಾಯನದುರ್ಗದ ಕಡೆಗಾಗಲಿ ಹೊರಟವನಿಗೆ ದಾರಿಯುದ್ದಕ್ಕೂ ನಿಲ್ಲಬೇಕೆನ್ನಿಸುತ್ತದೆ. ಆ ಹೊಲಗಳಿಗೆ ಟಿಕೆಟ್ಟೂ ಇಲ್ಲ, ಸರತಿಯ ಸಾಲೂ ಇಲ್ಲ. ಡಿಸೆಂಬರಿನ ಕೊನೆಗೆ ಬಹುತೇಕ ಕೊಯ್ಲು ಮುಗಿದು ನೆಲ ಬೋಳಾಗಿರುತ್ತದೆ, ಜನ ಮಾತ್ರ ಹೆಚ್ಚಾಗಿರುತ್ತಾರೆ.

ಕೋಲಾರದ ದಿಕ್ಕು ಬರಡೆಂದು ತಳ್ಳಿಹಾಕುವುದೂ ಈಚೆಗೆ ನಿಜಕ್ಕೆ ದೂರವಾದ ಮಾತು. ವರ್ಷವಿಡೀ ಹರಿಯುವ ಹೊಳೆಯಿಲ್ಲದೆ ಕೆರೆಗಳನ್ನೇ ನಂಬಿ ಬಾಳಿದ ಆ ಜಿಲ್ಲೆಗೆ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯತೊಡಗಿ, ವರ್ಷಗಟ್ಟಲೆ ಒಣಗಿದ್ದ ಅನೇಕ ಕೆರೆಗಳಲ್ಲಿ ನೀರು ನಿಂತಿದೆ. ಅದು ನಗರ ಬಳಸಿ ಬಿಟ್ಟ ನೀರಾದುದರಿಂದ ಮಕ್ಕಳನ್ನು ಇಳಿಯಗೊಡಬಾರದು, ಏರಿಯ ಮೇಲೆ ನಿಂತು ನೋಡುವುದಕ್ಕೆ ಅಡ್ಡಿಯಿಲ್ಲ. ಮುಳಬಾಗಿಲಿನ ಹತ್ತಿರದ ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯ ಸಮೂಹವೂ ಅದರ ಹಿಂದಣ ಬೆಟ್ಟವೂ ಜಾತ್ರೆಯ ದಿನಗಳ ಹೊರತು ಬಹುಮಟ್ಟಿಗೆ ತಮ್ಮಷ್ಟಕ್ಕೆ ತಾವಿರುತ್ತವೆ.

ಜಲಪಾತದ ವಿಷಯದಲ್ಲಿ ಭ್ರಮೆ ಇನ್ನೊಂದು ಬಗೆಯದು. ಬೆಂಗಳೂರಿನಲ್ಲಿ ಎರಡು ದಿನ ಮಳೆ ಸುರಿದೊಡನೆ ಶಿವನಸಮುದ್ರಕ್ಕೆ ಧಾವಿಸುವವರು, ಗಗನಚುಕ್ಕಿ ಭರಚುಕ್ಕಿಗಳ ನೀರು ಕೊಡಗು ವಯನಾಡುಗಳ ಮಳೆಯಿಂದ ಬಂದು, ಕೃಷ್ಣರಾಜಸಾಗರ ಕಬಿನಿ ಜಲಾಶಯಗಳಲ್ಲಿ ತಂಗಿ, ಅಲ್ಲಿಂದ ಬಿಟ್ಟಷ್ಟು ಮಾತ್ರ ಕೆಳಗೆ ಹರಿಯುವುದೆಂಬುದನ್ನು ಗಮನಿಸಬೇಕು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸತೊಡಗಿದ ಆ ಸ್ಥಳದಲ್ಲಿ ಕಡುಬೇಸಿಗೆಯಲ್ಲಿ ಬಂಡೆಗಳೇ ಎದ್ದುಕಾಣುತ್ತವೆ. ಪತ್ರಿಕೆಗಳು ಮಳೆಗಾಲದಲ್ಲಿ ದಿನವೂ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳನ್ನು ಪ್ರಕಟಿಸುತ್ತವೆ. ಕೃಷ್ಣರಾಜಸಾಗರದ ನೀರು 124.80 ಅಡಿಯ ಗರಿಷ್ಠ ಮಟ್ಟವನ್ನು ಸಮೀಪಿಸಿ ಹೊರಹರಿವು ಏರಿತೆಂದು ಓದಿದ ಮೇಲೆ ಹೊರಡುವುದೇ ಬುದ್ಧಿವಂತಿಕೆ. ಅಂಥ ದಿನಗಳಲ್ಲಿಯೂ ಭಾನುವಾರವನ್ನು ತಪ್ಪಿಸಬೇಕು.

ಒಂದೇ ದಿನದಲ್ಲಿ ಸೋಮನಾಥಪುರ, ತಲಕಾಡು, ಶಿವನಸಮುದ್ರ, ಸಾಧ್ಯವಾದರೆ ಮೈಸೂರು ಎಂದು ಪಟ್ಟಿ ಮಾಡುವ ವಾಡಿಕೆಯನ್ನು ನಾನು ಒಪ್ಪಲಾರೆ. 1258ರಲ್ಲಿ ಪ್ರತಿಷ್ಠಾಪಿತವಾಗಿ, 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಕೇಶವಾಲಯ, ರೂವಾರಿ ಮಲ್ಲಿತಮ್ಮ ತನ್ನ ಹೆಸರನ್ನು ಕೊರೆದಿಟ್ಟ ವಿಗ್ರಹಗಳನ್ನು ಒಂದೊಂದಾಗಿ ನೋಡುವವನಿಗೆ ಅರ್ಧ ದಿನವನ್ನು ಬೇಡುತ್ತದೆ. ಊರೊಳಗಿನ ರಸ್ತೆಗಳಲ್ಲಿ ಗಂಟೆಗೆ 35–40 ಕಿಲೋಮೀಟರಿಗಿಂತ ಹೆಚ್ಚಿನ ಸರಾಸರಿಯನ್ನು ಲೆಕ್ಕ ಹಾಕುವುದೂ ಸಲ್ಲದು.

ಕಡೆಯದಾಗಿ, ಫೋನಿನ ನಕ್ಷೆ ತೋರಿದ ದಾರಿಯೇ ಉತ್ತಮವೆಂಬ ನಂಬಿಕೆ. ನಕ್ಷೆ ಲೆಕ್ಕ ಹಾಕುವುದು ಬಹುಮಟ್ಟಿಗೆ ಕಾಲವನ್ನು. ದಾರಿಯ ಸೊಬಗನ್ನಾಗಲಿ, ಸುಗ್ಗಿಯಲ್ಲಿ ಆ ದಾರಿಯ ಮೇಲೆ ನಡೆಯುವ ಕೆಲಸವನ್ನಾಗಲಿ ಅದು ಅರಿಯದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಕಣಗಳು ಕಣ್ಮರೆಯಾದ ಹಳ್ಳಿಗಳಲ್ಲಿ ರೈತರು ರಾಗಿಯನ್ನೂ ಹುರುಳಿಯನ್ನೂ ರಸ್ತೆಯ ಮೇಲೆಯೇ ಹರಡಿ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುತ್ತಾರೆ. ಅಧಿಕಾರಿಗಳು ಬೇಡವೆಂದರೂ ಇದು ನಿಂತಿಲ್ಲ. ಒಣಗಿದ ಹುರುಳಿ ಬಳ್ಳಿ ಕಾರಿನ ತಳಭಾಗದಲ್ಲಿ ಸುತ್ತಿಕೊಂಡು, ಬಿಸಿಗೆ ಹೊತ್ತಿ, ಕಾರು ಸುಟ್ಟುಹೋದ ಪ್ರಸಂಗಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ದ್ವಿಚಕ್ರ ವಾಹನಗಳು ಜಾರಿಬೀಳುವುದಂತೂ ಸಾಮಾನ್ಯ. ಇಂಥ ರಾಶಿ ಎದುರಾದಾಗ ಅದರ ಮೇಲೆ ಹಾಯದೆ ನಿಲ್ಲಿಸಿ, ಅಲ್ಲಿದ್ದವರನ್ನು ವಿನಯದಿಂದ ಕೇಳಿ, ಪಕ್ಕಕ್ಕೆ ಸರಿಸಿಕೊಟ್ಟರೆ ಮುಂದುವರಿಯಿರಿ. ಆಗದಿದ್ದರೆ ಬೇಸರಪಡದೆ ಹಿಂದಿರುಗಿ ಇನ್ನೊಂದು ದಾರಿ ಹಿಡಿಯಿರಿ.