ಕ್ಷಾಮ ತೀರಿದ ಮೇಲೆ
1876–78ರ ಮಹಾಕ್ಷಾಮದ ಸಂಕಟವು ಮೂರು ಬಗೆಯದು. ರಾಜಕೀಯವಾಗಿ, ಗದಗ-ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತಕ್ಕೂ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮೀರಜಕ್ಕೂ ಸೇರಿದ್ದವು; ಹಸಿವು ಒಂದೇ, ಹೊಣೆ ಹೊರಬೇಕಾದವರು ಹಲವರು. ಆರ್ಥಿಕವಾಗಿ, ಪ್ರಾಂತದ ಬರಗಾಲದ ಕಾಮಗಾರಿಗಳಲ್ಲಿ ಕೂಲಿಯನ್ನು ಇಳಿಸಿದಾಗ ದುಡಿಯುವವರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಮುಂದಿನ ಕ್ಷಾಮಗಳಿಗೆ ಧಾನ್ಯ ಸಾಗಿಸಲೆಂದು 1884ರಲ್ಲಿ ಹೋಟಗಿ–ಗದಗ ರೈಲುಮಾರ್ಗ ತೆರೆಯಿತು. ಆದರೆ ಕೊಳ್ಳಲು ಕಾಸಿಲ್ಲದವನಿಗೆ ಬಂದಿಳಿದ ಧಾನ್ಯವೂ ದೂರವೇ. ಸಾಮಾಜಿಕವಾಗಿ, ಹೊಲ ಕಳೆದುಕೊಂಡವನು ಊರಿನಲ್ಲಿ ತನ್ನ ಸ್ಥಾನವನ್ನೂ ಕಳೆದುಕೊಳ್ಳುತ್ತಾನೆ.

ಆದಿಕಾಂಡ 47ರಲ್ಲಿ ಜೋಸೆಫನ ಧಾನ್ಯವು ಜನರ ಜೀವ ಉಳಿಸಿತು. ಅವರ ಹಣ, ದನ, ಹೊಲಗಳೋ ಫರೋಹನ ಪಾಲಾದವು. ಯಾಜಕಕಾಂಡ 25ರ ಜೂಬಿಲಿ ವರ್ಷವಾದರೋ ಹೊಲವನ್ನು ಮೂಲ ಕುಟುಂಬಕ್ಕೆ ಮರಳಿಸುತ್ತದೆ. ಆದಕಾರಣ ಧರ್ಮಸಭೆಯ ಸೇವೆ ಗಂಜಿಯೊಂದಿಗೆ ಮುಗಿಯದು. ಬರ ತೀರಿದ ಮೇಲೆ ಹೊಲ ಯಾರ ಕೈಯಲ್ಲಿ ಉಳಿಯಿತೆಂಬುದನ್ನೂ ನಾವು ವಿಚಾರಿಸಬೇಕು.